ಸೊಟ್ಟ ಬಿಲ್ಲಿಗೆ ನಾನು ಹೊಸೆದ ಹೆದೆ

ನನ್ನ ಗಂಡನಿಗೆ ಇರುವುದು ಒಂದೇ ಕಣ್ಣು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾನು ಹೆದರಿದ್ದನ್ನು ಓದಿ ಯಾರೂ ನಗುವುದು ಬೇಡ. ಎಡಗಣ್ಣು ಹೋಗಿದ್ದು ನಮ್ಮದೇ ಹಿಪ್ಪುನೇರಳೆ ತೋಟದಲ್ಲಿ. ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ದು, ಹೊರೆ ಕಟ್ಟಿ, ಎತ್ತಿಕೊಳ್ಳಲು ಬಗ್ಗಿದ್ದಾರೆ. ಕುಡುಗೋಲಿನಲ್ಲಿ ಓರೆಯಾಗಿ ಕೊಯ್ದ ಕಡ್ಡಿಯ ಮೋಟು ಸೀದಾ ಕಣ್ಣಿಗೆ ಹೊಕ್ಕಿತು. ಚಿಂತಾಮಣಿಯ ಡಾಕ್ಟರು ಎಲ್ಲ ನೋಡಿ ಮುಗಿಸಿ, ಅವರಿಗೇನೂ ಹೇಳದೆ ನನ್ನ ಕಡೆ ತಿರುಗಿ, "ಇನ್ನೊಂದನ್ನ ಜೋಪಾನ ಮಾಡ್ಕೊಳಮ್ಮ" ಅಂದರು. ನನಗೇ ಯಾಕೆ ಹೇಳಿದರೋ! ಅಂದಿನಿಂದ ಆ ಬಲಗಣ್ಣಿನ ಕಾವಲು ನನ್ನ ಪಾಲಿಗೆ ಬಂತು. ಅವರು ಕಟ್ಟಿಗೆ ಒಡೆಯುತ್ತಿದ್ದರೆ ಮುಖ ಆಚೆ ತಿರುಗಿಸಿ ಅನ್ನುತ್ತೇನೆ. ಬೈಕಿನಲ್ಲಿ ಮೇಲೂರಿಗೆ ಹೊರಟರೆ ಹೆಲ್ಮೆಟ್ಟಿನ ಗಾಜು ಇಳಿಸಿದ್ದಾರೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತು ನೋಡುತ್ತೇನೆ. "ನೀನು ಹೆಂಡ್ತಿಯೋ ಪೊಲೀಸೋ?" ಅನ್ನುತ್ತಾರೆ. ಅನ್ನಲಿ.

ಇಂಥ ಮನುಷ್ಯ ಹೋದ ವರ್ಷ ಬಿಲ್ಲು ಮಾಡಲು ಕೂತರು.

ನಮ್ಮೂರಲ್ಲಿ ವಿಜಯದಶಮಿಯ ಸಂಜೆ ಬನ್ನಿ ಮರದ ಮುಂದೆ ಬಾಳೆದಿಂಡು ನೆಟ್ಟು ಅದಕ್ಕೆ ಅಂಬು ಹೊಡೆಯುತ್ತಾರೆ. ಹೊಡೆಯುವ ಹಕ್ಕು ನಮ್ಮ ಮನೆಯದು. ಭುಜ ಹಿಡಿದುಕೊಳ್ಳುವ ತನಕ ನಮ್ಮ ಮಾವ ಹೊಡೆಯುತ್ತಿದ್ದರು, ಆಮೇಲೆ ಅವರ ಮಗ, ಅಂದರೆ ಇವರು. ಬಿಲ್ಲನ್ನು ಅಂಗಡಿಯಿಂದ ತರುವ ಹಾಗಿಲ್ಲ, ಬಿದಿರು ಕೊಂಡು ಮಾಡುವ ಹಾಗೂ ಇಲ್ಲ. ನಮ್ಮ ಹೊಲದ ಬದುವಿನ ಮೇಲೆ ಬೆಳೆದ ಮರದ್ದೇ ಆಗಬೇಕು. ನಮ್ಮ ಬದುವಿನಲ್ಲಿ ನೆಟ್ಟಗೆ ಬೆಳೆದದ್ದು ಏನಿದೆ? ಇರುವುದು ಹಳೆಯ ಹಿಪ್ಪುನೇರಳೆ ಮರಗಳು. ವರ್ಷಾವರ್ಷ ಕೊಂಬೆ ಕಡಿಸಿಕೊಂಡು ಎಲ್ಲ ಗಂಟು, ಸೊಟ್ಟ, ತಿರುಚು. ಹಳೆಯ ಬಿಲ್ಲಿಗೆ ಹುಳು ಬಿದ್ದು ಒಳಗೆಲ್ಲ ಪುಡಿಯಾಗಿತ್ತು. ಬೇಸಿಗೆಯ ಗಾಳಿಗೆ ಬಾವಿ ಪಕ್ಕದ ಮರದ ಒಂದು ಕೊಂಬೆ ಮುರಿದು ಬಿದ್ದಾಗ ಇವರು ಕುಣಿದಾಡಿದರು. ನಾನು ಅದನ್ನು ಮುಟ್ಟಲೂ ಇಲ್ಲ. ಒಂದು ಕಣ್ಣು ತಿಂದಿದ್ದೂ ಅದೇ ಜಾತಿಯ ಮರ.

ಕೊಂಬೆಯನ್ನು ಗರಗಸದಲ್ಲಿ ಕೊಯ್ದರೆ ಒಳಗಿನ ನಾರು ತುಂಡಾಗುತ್ತದಂತೆ. ಅದಕ್ಕೇ ಬೆಣೆ ಹೊಡೆದು ಸೀಳಿದರು. ಸೀಳು ನಾರು ಹೋದ ಕಡೆಗೇ ಹೋಯಿತು, ಹಿಂಡಿದ ಸೀರೆಯ ಹಾಗೆ ತಿರುಚಿಕೊಂಡು. ಕೊನೆಗೆ ಕೈಗೆ ಬಂದ ಕೋಲಿನ ಒಂದು ತುದಿ ಬೆಟ್ಟದ ಕಡೆ ನೋಡುತ್ತಿತ್ತು, ಇನ್ನೊಂದು ಕೊಟ್ಟಿಗೆ ಕಡೆ.

"ಇದನ್ನ ಒಲೆಗೆ ಹಾಕ್ರೀ, ನೀರಾದ್ರೂ ಕಾಯುತ್ತೆ" ಅಂದೆ.

"ಲೇ, ಮರ ಸೊಟ್ಟಗಿದ್ರೆ ಏನೂ ಆಗಲ್ಲ ಕಣೇ. ಎರಡು ತುದಿಗೂ ದಾರ ಕಟ್ಟಿದ್ರೆ ಅದು ಹಿಡಿಯ ನಟ್ಟನಡುವೆ ಬೀಳ್ಬೇಕು. ಅಷ್ಟು ಮಾತ್ರ ಸರಿಮಾಡಿದ್ರೆ ಸಾಕು."

ನೆರಳಲ್ಲಿ ಒಣಗಿಸಿ, ಶ್ರಾವಣದ ಹೊತ್ತಿಗೆ ಬಾಚಿ ಹಿಡಿದು ಕೂತರು. ಬಾಚಿಯ ಏಟಿಗೊಂದು ಚಕ್ಕೆ ಹಾರುತ್ತಿತ್ತು, ಚಕ್ಕೆಗೊಮ್ಮೆ ನನ್ನ ಎದೆ ಹಾರುತ್ತಿತ್ತು. ಬಾಚಿಯಾದ ಮೇಲೆ ಒಡೆದ ಗಾಜಿನ ಚೂರಿನಿಂದ ಹೆರೆಯುವುದು. ಗಾಜು! ಶಿಡ್ಲಘಟ್ಟಕ್ಕೆ ಹೋಗಿದ್ದಾಗ ವೆಲ್ಡಿಂಗಿನವರು ಕಬ್ಬಿಣ ಉಜ್ಜುವಾಗ ಹಾಕಿಕೊಳ್ಳುವ ಬಿಳಿ ಕನ್ನಡಕ ತಂದುಕೊಟ್ಟೆ. ಮನೆಯೊಳಗೆ ಹಾಕಿಕೊಂಡರು. ಅಂಬು ಹೊಡೆಯುವ ದಿನವೂ ಇದು ಇರಲಿ ಎಂದಾಗ ಮಾತ್ರ ಹೋ ಎಂದು ನಕ್ಕರು. "ದೇವರ ಮುಂದೆ ಗಾಗಲ್ಸ್ ಹಾಕ್ಕೊಂಡು ನಿಂತ್ರೆ ಊರೋರು ಮೊಬೈಲಲ್ಲಿ ಹಿಡ್ಕೊಂಡು ವರ್ಷಪೂರ್ತಿ ಆಡ್ಕೋತಾರೆ, ಸುಮ್ನಿರೇ."

ತಿರುಚು ಬಿಡಿಸಲು ನನ್ನ ಸಹಾಯ ಬೇಕಾಯಿತು. ಮನೆಯ ಹಿಂದೆ ನಮ್ಮದೊಂದು ಚಿಕ್ಕ ರೀಲಿಂಗ್ ಶೆಡ್ಡಿದೆ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವುದು ನನ್ನ ಕೆಲಸ. ಮಾವನ ಕಾಲದಲ್ಲಿ ಸೊಟ್ಟ ಕೋಲನ್ನು ಕೆಂಡದ ಮೇಲೆ ಕಾಯಿಸಿ ತಿದ್ದುತ್ತಿದ್ದರಂತೆ. ಇವರಿಗೆ ಕೆಂಡ ಬೇಡ, ಹಬೆ ಬೇಕು. ಗೂಡು ಬೇಯಿಸುವ ತೊಟ್ಟಿಯ ಮೇಲೆ ಕೋಲನ್ನು ಅಡ್ಡ ಇಟ್ಟು ಗೋಣಿಚೀಲ ಹೊದಿಸಿದೆವು. ಬೇಯುವ ಗೂಡಿನ ನಾತಕ್ಕೆ ಮರದ ಹಸಿ ವಾಸನೆ ಸೇರಿ ಶೆಡ್ಡೆಲ್ಲ ವಿಚಿತ್ರವಾಯಿತು. ಮರ ಮೆತ್ತಗಾದ ಮೇಲೆ ಎತ್ತಿಕೊಂಡು ಓಡಿ ಅಂಗಳದ ಕಲ್ಲುಕಂಬಕ್ಕೆ ಕಟ್ಟಿ, ಹಗ್ಗದೊಳಗೆ ಒನಕೆ ತೂರಿಸಿ ಉಲ್ಟಾ ತಿರುಚಬೇಕು. ಬೇಕಾದ್ದಕ್ಕಿಂತ ಚೂರು ಜಾಸ್ತಿಯೇ ತಿರುಚಬೇಕು, ಬಿಟ್ಟರೆ ಅದು ಸ್ವಲ್ಪ ವಾಪಸು ಬರುತ್ತದೆ. ಒನಕೆಯ ಒಂದು ತುದಿಗೆ ಅವರು, ಇನ್ನೊಂದಕ್ಕೆ ನಾನು. ಮರ ನರಳಿತು. ನಾನು ಕಣ್ಣು ಮುಚ್ಚಿಕೊಂಡೆ. ಮುರಿಯಲಿಲ್ಲ. ಕಟ್ಟಿದ ಹಾಗೇ ಒಣಗಲು ಬಿಟ್ಟೆವು. ಒಂದೇ ಸಲಕ್ಕೆ ಬಗ್ಗಲಿಲ್ಲ, ಇನ್ನೆರಡು ಸಲ ಬೇಯಿಸಿದೆವು. ಕೊನೆಗೆ ಎರಡು ತುದಿಗೂ ದಾರ ಹಿಡಿದು ನೋಡಿದರೆ ಹಿಡಿಯ ನಡುವೆಯೇ ಬಿತ್ತು. ಬಿಲ್ಲು ಮಾತ್ರ ಹಾವು ಹರಿದ ಹಾಗೆಯೇ ಇತ್ತು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ನಾನೂ ಕೈಯಾಡಿಸಿ ಸಂತೋಷಪಟ್ಟೆ.

ಆ ಸಂತೋಷ ಮಹಾಲಯ ಅಮಾವಾಸ್ಯೆಯವರೆಗೂ ನಿಲ್ಲಲಿಲ್ಲ.

ಬಿಲ್ಲನ್ನು ಒಮ್ಮೆಲೇ ಎಳೆಯಬಾರದು, ದಿನಾ ಸ್ವಲ್ಪ ಸ್ವಲ್ಪ ಬಗ್ಗುವ ಅಭ್ಯಾಸ ಮಾಡಿಸಬೇಕು. ಗೋಡೆಯ ಗೂಟಕ್ಕೆ ಅಡ್ಡಲಾಗಿ ಸಿಕ್ಕಿಸಿ, ದಾರಕ್ಕೆ ಹಗ್ಗ ಕಟ್ಟಿ, ಹಗ್ಗವನ್ನು ಕೆಳಗಿನ ರಾಟೆಯಿಂದ ಹಾಯಿಸಿ ಎಳೆಯುವುದು. ಎಳೆಯುವುದು ನಾನು, ಅವರು ದೂರ ನಿಂತು ಎರಡು ತೋಳೂ ಸಮವಾಗಿ ಬಗ್ಗುತ್ತಿವೆಯೇ ಎಂದು ತಮ್ಮ ಒಂಟಿ ಕಣ್ಣಿನಿಂದ ನೋಡುವುದು. ಅಂದು "ಇನ್ನೊಂಚೂರು, ಇನ್ನೊಂಚೂರು" ಅನ್ನುತ್ತಿದ್ದರು. ಮೇಲೆ ಎಲ್ಲೋ ಟಿಕ್ ಎಂದಿತು.

ತುಂಬ ಸಣ್ಣ ಸದ್ದು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಹುಳು ತಗಲುತ್ತದಲ್ಲ, ಅಷ್ಟೇ. ಆ ಸದ್ದು ಕೇಳಿ ಕೇಳಿ ನನ್ನ ಕಿವಿ ಪಳಗಿದೆ. ಹಗ್ಗ ಬಿಟ್ಟುಬಿಟ್ಟೆ.

"ಕೇಳಿಸ್ತೇನ್ರೀ?"

"ಏನು?"

"ಟಿಕ್ ಅಂತು. ಮರ."

"ರಾಟೆ ಕಣೇ ಅದು. ಎಣ್ಣೆ ಹಾಕ್ಬೇಕು."

ರಾಟೆ ಕಿರುಗುಟ್ಟುತ್ತದೆ, ಟಿಕ್ ಅನ್ನುವುದಿಲ್ಲ. ಬಿಲ್ಲನ್ನು ಇಳಿಸಿ ಬೆರಳಾಡಿಸಿದೆ. ಬಿಸಿನೀರಲ್ಲಿ ಕಣ್ಣಿಗೆ ಕಾಣದ ಎಳೆಯ ತುದಿ ಹುಡುಕುವ ಬೆರಳು ನನ್ನದು. ಮೇಲಿನ ತೋಳಿನಲ್ಲಿ, ಗಂಟಿನ ಪಕ್ಕ, ಉಗುರಿಗೆ ಏನೋ ತಡೆಯಿತು. ತೋರಿಸಿದೆ. "ಮರದ ಗೆರೆ ಅದು, ಎಲ್ಲಾ ಮರದಲ್ಲೂ ಇರುತ್ತೆ" ಅಂದರು. ಬೆಳಕಿಗೆ ಹಿಡಿದು ನೋಡಲೂ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಸಾಯಲಿ ಈ ಬಿಲ್ಲು, ಈ ಸಲ ಹೊಡೆಯಲೇಬೇಡಿ ಅಂದೆ, ಬೇಡಿಕೊಂಡೆ, ಬೈದೆ, ಅನ್ನಕ್ಕೆ ಕರೆಯದೆ ಕೂತೆ. "ಹಬ್ಬ ಎದುರಿಗಿಟ್ಕೊಂಡು ಬಿಲ್ಲಿಲ್ಲ ಅಂತ ಊರಿಗೆ ಹೇಗೆ ಹೇಳ್ಲಿ? ಏನಾಗಲ್ಲ ಬಿಡೇ" ಅಂದರು. ಅವರ ಬಾಯಲ್ಲಿ "ಏನಾಗಲ್ಲ" ಬಂತೆಂದರೆ ಮಾತು ಮುಗಿದ ಹಾಗೆ. ಕಣ್ಣು ಹೋದ ದಿನ ಬೆಳಿಗ್ಗೆ, ಮೋಟು ಚೂಪಾಗಿದೆ ನೋಡ್ಕೊಳ್ಳಿ ಅಂದಾಗಲೂ ಅದನ್ನೇ ಹೇಳಿದ್ದರು.

ಅಂಬು ಎಳೆದಾಗ ಬಿಲ್ಲಿನ ಮೇಲಿನ ತೋಳು ಎಲ್ಲಿರುತ್ತದೆ ಗೊತ್ತೇ? ಮುಖಕ್ಕೆ ಸರಿಯಾಗಿ. ಕನ್ನಡಿಯ ಮುಂದೆ ಪೊರಕೆ ಹಿಡಿದು ನಿಂತು ನಾನೇ ನೋಡಿದೆ. ಒಡೆದು ಸಿಡಿದರೆ ಚೂರು ಬರುವುದು ಬಲಗಣ್ಣಿನ ದಾರಿಗೇ. ಆಮೇಲೆ ತಟ್ಟೆಗೆ ಹಾಕಿಕೊಂಡ ಅನ್ನ ಹಾಗೇ ಉಳಿಯುತ್ತಿತ್ತು. ನೂಲು ತೆಗೆಯುವಾಗ ಬೇಸಿನ್ನಿನ ನೀರಿನಲ್ಲಿ ತೇಲುವ ಗೂಡುಗಳು ಕಣ್ಣಿನ ಗುಡ್ಡೆಗಳ ಹಾಗೆ ಕಂಡು, ಕೈ ಸುಟ್ಟುಕೊಂಡೆ.

ಆಗ ನನಗೊಂದು ಉಪಾಯ ಹೊಳೆಯಿತು. ಹಾಳಾದ ಉಪಾಯ.

ಹೆದೆಯನ್ನು, ಅಂದರೆ ಬಿಲ್ಲಿನ ದಾರವನ್ನು, ಹೊಸೆಯುವುದು ನಮ್ಮ ಮನೆಯ ಹೆಂಗಸರ ಕೆಲಸ. ಅತ್ತೆ ಹೊಸೆಯುತ್ತಿದ್ದರು, ಅವರು ಹೋದ ಮೇಲೆ ನಾನು. ನಮ್ಮ ಶೆಡ್ಡಿನದೇ ರೇಷ್ಮೆ ಎಳೆ. ನನ್ನ ತಲೆ ಓಡಿದ್ದು ಹೀಗೆ: ಮರಕ್ಕಿಂತ ಮೊದಲು ದಾರ ಕಿತ್ತುಹೋದರೆ? ಮರದ ಮೇಲಿನ ಬಲವೆಲ್ಲ ಇಳಿದುಹೋಗುತ್ತದೆ, ಮರ ಒಡೆಯುವ ಮಾತೇ ಇಲ್ಲ. ದಾರ ಕಿತ್ತರೆ ಏನು ಮಹಾ? ಶೆಡ್ಡಿನಲ್ಲಿ ದಿನವಿಡೀ ಎಳೆ ಕಿತ್ತುಹೋಗುತ್ತದೆ. ತುದಿ ಹುಡುಕಿ, ಸೇರಿಸಿ, ಮತ್ತೆ ಚಕ್ರ ತಿರುಗಿಸುತ್ತೇವೆ. ದಾರ ಕಿತ್ತು ಯಾರಿಗಾದರೂ ಏನಾದರೂ ಆದದ್ದನ್ನು ನಾನು ಕಂಡೇ ಇಲ್ಲ. ಊರ ಜನ ನಗುತ್ತಾರೆ, ಇವರು ಪೆಚ್ಚು ಮೋರೆ ಹಾಕಿಕೊಂಡು ಬರುತ್ತಾರೆ, ಕಣ್ಣು ಉಳಿಯುತ್ತದೆ. ಅರ್ಧಕ್ಕಿಂತ ಕಡಿಮೆ ಎಳೆ ಹಾಕಿ ಹೊಸೆದೆ. ತೆಳ್ಳಗೆ ಕಾಣಬಾರದೆಂದು ಮೇಲೆ ಒರಟು ದಾರ ಒತ್ತಾಗಿ ಸುತ್ತಿ, ಮೇಣ ಸವರಿದೆ. ಮೊದಲೇ ಹೊಸೆದಿಟ್ಟಿದ್ದ ಗಟ್ಟಿ ಹೆದೆಯನ್ನು ಸೀರೆಗಳ ಕೆಳಗೆ ಬಚ್ಚಿಟ್ಟೆ. ಆ ಟಿಕ್ ಕೇಳಿದ ಮೇಲೆ ಮೊದಲ ಸಲ ಆ ದಿನ ನೆಮ್ಮದಿಯಾಗಿ ಉಂಡೆ.

ವಿಜಯದಶಮಿಯ ದಿನ ಬೆಳಿಗ್ಗೆ ಬಿಲ್ಲಿಗೆ ಹೆದೆ ಏರಿಸಿ ದೇವರ ಮುಂದೆ ಇಟ್ಟು ಪೂಜೆ ಮಾಡಿದರು. ಒಮ್ಮೆ ಇಟ್ಟರೆ ಅಂಬು ಹೊಡೆಯುವ ತನಕ ಹೆದೆ ಇಳಿಸುವಂತಿಲ್ಲ. ಸಂಜೆಗೆ ಗಂಡಸರು ತಮಟೆಯ ಜೊತೆ ಬನ್ನಿ ಮರದ ಕಡೆ ಹೊರಟರು. ಹೆಂಗಸರು ಆರತಿ ತಟ್ಟೆ ಹಿಡಿದು ಕೆರೆ ಏರಿಯ ಮೇಲೆ ಕಾಯಬೇಕು. ಅಂಬು ಬಾಳೆದಿಂಡಿಗೆ ನಾಟಿದ ಮೇಲಷ್ಟೇ ನಾವು ಮುಂದಕ್ಕೆ ಹೋಗುವುದು. ನಾನು ಇನ್ನೂ ಹೊರಟಿರಲಿಲ್ಲ. ಮಂಡಿ ನೋವಿನ ಮಾವನಿಗೆ ಜಗಲಿಯಲ್ಲಿ ಒಬ್ಬಟ್ಟು, ಹಾಲು ಕೊಟ್ಟು ಹೋಗೋಣವೆಂದು ನಿಂತಿದ್ದೆ. ಮನಸ್ಸು ಹಗುರವಾಗಿತ್ತಲ್ಲ, ಮಾತು ತೆಗೆದೆ. ಮಾವನ ಅಣ್ಣನಿಗೆ ಹಿಂದೊಮ್ಮೆ ಬಿಲ್ಲು ಒಡೆದು ಮುಂದಿನ ಹಲ್ಲೆಲ್ಲ ಹೋಗಿದ್ದ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು.

"ಮಾವ, ಆವತ್ತು ಮರದಲ್ಲಿ ಗಂಟಿತ್ತಾ?"

ಮಾವ ಒಬ್ಬಟ್ಟು ಹಾಲಿಗೆ ಮುರಿದು ಹಾಕುತ್ತ ಅಂದರು: "ಮರದ್ದೇನೂ ತಪ್ಪಿಲ್ಲಮ್ಮಾ. ಮರ ಕಬ್ಬಿಣ ಇದ್ದಂಗಿತ್ತು. ದಾರ ಕಿತ್ಕೊಂಡಿದ್ದು."

"ದಾರಾನಾ?"

"ಅವುನಮ್ಮಾ. ಪೂರ್ತಿ ಎಳ್ದಿದ್ದ. ಇಲಿ ಕಡ್ದಿತ್ತೋ ಏನೋ, ದಾರ ಪಟ್ ಅಂತು. ಎಳ್ದ ಬಲವೆಲ್ಲ ಎಲ್ಲಿಗೋಗ್ಬೇಕು ಹೇಳು? ಅಂಬಿನ ಜೊತೆ ಹೋಗಂಗಿಲ್ಲ, ಮರದೊಳಕ್ಕೇ ತಿರುಗ್ತು. ಬಿಲ್ಲು ಚೂರು ಚೂರು. ಎಂಥ ಒಳ್ಳೆ ಮರ ಆದ್ರೂ ಅಷ್ಟೇ. ಹಲ್ಲಿಗೆ ಬಿತ್ತು, ಬದುಕ್ಕೊಂಡ. ಇನ್ನೊಂಚೂರು ಮೇಲಕ್ಕೆ ಬಿದ್ದಿದ್ರೆ..." ಎಂದು ಹುಬ್ಬಿನ ಮೇಲೆ ಬೆರಳಿಟ್ಟುಕೊಂಡರು.

ಎಂಥ ಒಳ್ಳೆಯ ಮರವಾದರೂ ಅಷ್ಟೇ ಅಂದರೆ, ಒಳಗೆ ಬಿರುಕು ಬಿಟ್ಟ ಮರಕ್ಕೆ ಏನಾದೀತು? ಅವರ ಕಣ್ಣಿಗೆ ನೇಣುಹಗ್ಗ ಹೊಸೆದುಕೊಟ್ಟವಳು ನಾನೇ. ಕೈಲಿದ್ದ ಹಾಲಿನ ಚೊಂಬು ಅಲ್ಲೇ ಕುಕ್ಕಿ ಒಳಗೆ ಓಡಿ, ಸೀರೆಗಳ ಕೆಳಗಿನ ಹೆದೆ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. "ಏಮೈಂದಮ್ಮಾ? ಏನಾಯ್ತು?" ಎಂದು ಮಾವ ಕೂಗುತ್ತಿದ್ದರು. ನಾನು ಆಗಲೇ ಅಂಗಳ ದಾಟಿದ್ದೆ.

ರಸ್ತೆ ಹಿಡಿದರೆ ಸುತ್ತು. ಹಿಪ್ಪುನೇರಳೆ ತೋಟಗಳ ನಡುವೆ ಬಿದ್ದೆ. ಆ ವಾರವಷ್ಟೇ ಕೊಯ್ದ ತೋಟ. ಮೋಟುಗಳೆಲ್ಲ ಚೂಪಾಗಿ ನಿಂತಿದ್ದವು. ಸೀರೆ ಸಿಕ್ಕಿ ಹರಿಯಿತು, ಕಾಲು ಗೀರಿತು, ಡ್ರಿಪ್ ಪೈಪಿಗೆ ಎಡವಿ ಬಿದ್ದು ಮುಖದ ಪಕ್ಕದಲ್ಲೇ ಒಂದು ಮೋಟು ಕಂಡಿತು. ಎದ್ದೆ. ತಮಟೆ ಜೋರಾಗುತ್ತಿತ್ತು. ತಮಟೆ ಜೋರಾಯಿತೆಂದರೆ ಬಿಲ್ಲು ಕೈಗೆ ಕೊಟ್ಟರು ಎಂದರ್ಥ. ದೇವರೇ, ಇನ್ನೊಂದು ಸುತ್ತು ಬಾರಿಸಲಿ, ಪೂಜಾರಪ್ಪ ಇನ್ನೊಂದು ಮಂತ್ರ ಹೇಳಲಿ, ಕರ್ಪೂರ ಆರಿಹೋಗಲಿ, ಬೆಂಕಿಪೊಟ್ಟಣ ಒದ್ದೆಯಾಗಲಿ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿಕೊಳ್ಳುತ್ತ ಓಡಿದೆ. ಏರಿಯ ಮೇಲಿದ್ದ ಹೆಂಗಸರು "ಎಲ್ಲಿಗೇ? ಎಲ್ಲಿಗೇ ಹೋಗ್ತೀಯಾ?" ಎಂದು ಸೆರಗು ಹಿಡಿದರು. ಕಿತ್ತುಕೊಂಡು ಹೋದೆ.

ಅವರು ಬೆನ್ನು ತೋರಿಸಿಕೊಂಡು ನಿಂತಿದ್ದರು. ಅಂಬು ಹೂಡಿಯಾಗಿತ್ತು. ಬಿಲ್ಲು ಬಗ್ಗಲು ಶುರುವಾಗಿತ್ತು.

"ರೀ!" ಎಂದು ಕಿರುಚಿದೆ. ತಮಟೆಯ ಸದ್ದಿನಲ್ಲಿ ಹತ್ತಿರದ ನಾಲ್ಕೈದು ಗಂಡಸರು ತಿರುಗಿದರು. ಎಲ್ಲರ ಮನೆಯಲ್ಲೂ "ರೀ" ಅನ್ನುವವರು ಇದ್ದಾರಲ್ಲ. ತಿರುಗಬೇಕಾದವರು ಮಾತ್ರ ತಿರುಗಲಿಲ್ಲ. ಮತ್ತೆ ಕೂಗಲು ಹೆದರಿಕೆ, ಬೆಚ್ಚಿಬಿದ್ದು ಜಗ್ಗಿಬಿಟ್ಟರೆ? ಕೂಗದಿರಲೂ ಹೆದರಿಕೆ. ಅಂಬಿನ ತುದಿ ಇನ್ನಷ್ಟು ಹಿಂದಕ್ಕೆ ಬಂತು. ಮದುವೆಯಾದ ಮೇಲೆ ಮೊದಲ ಸಲ, ಊರ ಗಂಡಸರ ನಡುವೆ, ಗಂಡನ ಹೆಸರು ಹಿಡಿದು ಕೂಗಿದೆ.

ತಮಟೆಯವನ ಕೈ ನಿಂತಿತು. ಅವರು ತಿರುಗಲಿಲ್ಲ. ಎಳೆದದ್ದನ್ನು ಮೆಲ್ಲಗೆ, ಮೆಲ್ಲಗೆ ಮುಂದಕ್ಕೆ ಬಿಟ್ಟರು. ಬಿಲ್ಲು ಪೂರ್ತಿ ಸಡಿಲವಾಯಿತು. ಆಮೇಲೆ ತಿರುಗಿ ನೋಡಿದರು.

"ದಾರ ಸರಿಯಿಲ್ಲ" ಅಂದೆ.

"ಯಾವ ದಾರ?"

"ಅದೇ. ನಾನು ಹೊಸೆದಿದ್ದು. ಒಳಗೆ ಎಳೆ ಕಮ್ಮಿ ಹಾಕಿದೀನಿ. ಬೇಕು ಅಂತಲೇ."

"ಹೆಂಗಸರು ಇಲ್ಲಿಗ್ಯಾಕೆ ಬಂದ್ರಿ, ಅಂಬು ಬೀಳೋಕ್ಮುಂಚೆ?" ಎಂದು ಯಾರೋ ಹಿರಿಯರು ಗುಡುಗಿದರು. "ನಿಮ್ಮ ಕಣ್ಣಾಗಿದ್ರೆ ಬರ್ತಿರ್ಲಿಲ್ಲ ಸುಮ್ನಿರಿ" ಎಂದು ಅವರಿಗೂ ಅಂದುಬಿಟ್ಟೆ. ಹೆದರಿದಾಗ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

ಇವರು ಹೆದೆಯ ಮೇಲೆ ಹೆಬ್ಬೆರಳು ಇಟ್ಟು, ಒರಟು ದಾರದ ಸುತ್ತು ಉಗುರಿನಿಂದ ಸ್ವಲ್ಪ ಸರಿಸಿದರು. ಒಳಗೆ ಎಷ್ಟಿದೆ ಎಂದು ನೋಡಿದರು. ಆಗಲೇ ಒಂದೆರಡು ಎಳೆ ಕಿತ್ತು ನಿಮಿರಿ ನಿಂತಿದ್ದವು. ಆ ಒಂಟಿ ಕಣ್ಣು ಎತ್ತಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬಣ್ಣವೂ ಇರಲಿಲ್ಲ. ನಾನು ಸೊಂಟದಿಂದ ಗಟ್ಟಿ ಹೆದೆ ತೆಗೆದು ಹಿಡಿದೆ. ಅವರು ಬೇಡವೆಂದು ತಲೆಯಾಡಿಸಿದರು. ಬಿಲ್ಲನ್ನು ಬನ್ನಿಯ ಬುಡದಲ್ಲಿ ಇಟ್ಟು, ಅಂಬನ್ನು ಮಾತ್ರ ಹಿಡಿದು ಬಾಳೆದಿಂಡಿನ ತನಕ ನಡೆದುಹೋಗಿ, ಕೈಯಿಂದಲೇ ಚುಚ್ಚಿದರು. ಹುಡುಗರು ಮೊಬೈಲ್ ಎತ್ತಿ ಹಿಡಿದು ಕಿಸಕ್ಕೆಂದರು. ಪೂಜಾರಪ್ಪ ಒಂದು ಗಳಿಗೆ ಅತ್ತ ಇತ್ತ ನೋಡಿ, ಆಮೇಲೆ ತೆಂಗಿನಕಾಯಿ ಒಡೆದುಬಿಟ್ಟರು. ತಮಟೆ ಮತ್ತೆ ಶುರುವಾಯಿತು.

ಮನೆಗೆ ಬರುವಾಗ ನಾವಿಬ್ಬರೇ ಬದುವಿನ ಮೇಲೆ ಬಂದೆವು. ಅವರು ಮುಂದೆ, ನಾನು ಹಿಂದೆ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ ನಾನೇ, "ಮರ ಒಡೀತದೆ ಅಂತ ಹೆದರಿಕೊಂಡು ಹಂಗ್ಮಾಡಿದೆ. ದಾರ ಮೊದ್ಲು ಹೋದ್ರೆ ಒಳ್ಳೇದು ಅಂದ್ಕೊಂಡೆ. ಆ ಟಿಕ್ ಅಂದಿದ್ದು ನಿಮಗೆ ಕೇಳಿಸ್ಲಿಲ್ಲ" ಅಂದೆ.

"ಕೇಳಿಸ್ತು."

"ಏನು?"

"ಆವತ್ತೇ ಕೇಳಿಸ್ತು ಕಣೇ. ಗಂಟಿನ ಪಕ್ಕ ಬಿರುಕಿರೋದೂ ಗೊತ್ತಿತ್ತು. ಹೇಳಿದ್ರೆ ನೀನು ಊಟ ಬಿಡ್ತೀಯಾ ಅಂತ ಸುಮ್ನಿದ್ದೆ."

"ಮತ್ತೆ ಯಾಕ್ರೀ ಎಳೆಯೋಕೆ ನಿಂತ್ರಿ? ತಲೆ ಕೆಟ್ಟಿದೆಯಾ ನಿಮಗೆ?"

"ಮರ ಒಡೆಯೋಕ್ಮುಂಚೆ ಒಂದು ಮಾತು ಹೇಳುತ್ತೆ. ಮೆಲ್ಲಗೆ ಎಳೀತಾ ಕಿವಿ ಕೊಟ್ಕೊಂಡಿದ್ದೆ. ಇನ್ನೊಂದ್ಸಲ ಟಿಕ್ ಅಂದಿದ್ರೆ ಅಲ್ಲಿಗೇ ಬಿಡ್ತಿದ್ದೆ. ಅರ್ಧ ಎಳೆದ್ರೂ ಅಂಬು ದಿಂಡಿಗೆ ನಾಟುತ್ತೆ. ದಾರ ಹಂಗಲ್ಲ, ಅದು ಹೇಳದೇ ಹೋಗುತ್ತೆ. ಹೋದ್ರೆ ಎಲ್ಲಾ ಹೋಯ್ತು."

"ಮತ್ತೆ ದಾರದ್ದು ಭಯ ಇರ್ಲಿಲ್ವಾ?"

ಅವರು ನಿಂತು ತಿರುಗಿದರು. "ಅದು ನೀನು ಹೊಸೆದಿದ್ದಲ್ವೇನೇ" ಅಂದರು.

ನಾನು ಬದುವಿನ ಮೇಲೆಯೇ ಕೂತು ಅತ್ತೆ. ಅವರು ಪಕ್ಕದಲ್ಲಿ ಕೂತು ನನ್ನ ಕಾಲಿನ ಗೀರುಗಳ ಮೇಲಿನ ಮಣ್ಣು ಒರೆಸಿದರು.

ಈ ವರ್ಷ ಅದೇ ಮರದ ಇನ್ನೊಂದು ಕೊಂಬೆ. ಹೋದ ಸಲದ್ದಕ್ಕಿಂತ ಸೊಟ್ಟ. ಬೇಯಿಸಿ, ತಿರುಚಿ, ಕಂಬಕ್ಕೆ ಕಟ್ಟಿ, ಬಿಚ್ಚಿ, ಹೆರೆದು ಎಲ್ಲ ಆಯಿತು. ಇದುವರೆಗೆ ಒಂದು ಸದ್ದೂ ಮಾಡಿಲ್ಲ. ಊರವರು ಹೋದ ವರ್ಷದ್ದನ್ನು ಆಡಿಕೊಳ್ಳುತ್ತಲೇ ಇದ್ದಾರೆ. ಆ ವಿಡಿಯೋ ಚಿಕ್ಕಬಳ್ಳಾಪುರದ ನೆಂಟರ ಮೊಬೈಲಿಗೂ ಹೋಗಿದೆ. ನನ್ನ ಹೆದರಿಕೆ ಮಾತ್ರ ಹೋದ ವರ್ಷದಷ್ಟೇ ಇದೆ. ಆಗ ಮರದ ಮೇಲಿತ್ತು, ಈಗ ನನ್ನ ಬೆರಳುಗಳ ಮೇಲೆ ಬಂದು ಕೂತಿದೆ. ಮೊನ್ನೆ ಹೆದೆ ಹೊಸೆದು ಮುಗಿಸಿ ಅವರ ಕೈಗೆ ಕೊಟ್ಟೆ. ಈ ಸಲ ಮೇಲೆ ಏನೂ ಸುತ್ತಲಿಲ್ಲ, ಎಳೆಗಳೆಲ್ಲ ಕಾಣಲಿ ಎಂದು.

"ಬೆಳಕಿಗೆ ಹಿಡಿದು ಒಂದ್ಸಲ ನೋಡ್ರೀ. ಜಗ್ಗಿ ನೋಡಿ" ಅಂದೆ.

"ನೀನು ನೋಡಿದೀಯಲ್ಲ" ಎಂದು ಅದನ್ನು ಹಾಗೇ ಗೂಟಕ್ಕೆ ತಗುಲಿಹಾಕಿ, ಹುಳುವಿಗೆ ಸೊಪ್ಪು ತರಲು ತೋಟಕ್ಕೆ ಹೋದರು.

ಅವರು ಮರೆಯಾಗುವ ತನಕ ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಹೆದೆಯನ್ನು ಗೂಟದಿಂದ ತೆಗೆದೆ. ಅದರಲ್ಲಿ ಏನೂ ಕೊರತೆ ಇರಲಿಲ್ಲ. ಆದರೂ ಎಲ್ಲ ಬಿಚ್ಚಿ, ಮತ್ತೆ ಮೊದಲಿಂದ ಹೊಸೆಯಲು ಕೂತೆ.